ಬಸ್ಸಿನ ಮನೆಗೆ ವಿದ್ಯುಚ್ಛಕ್ತಿಯ ಏರ್ಪಾಡು

ಮನೆಯೆಂದರೆ ನೆಲದಲ್ಲಿ ಅಸ್ತಿವಾರವನ್ನು ಹಾಕಿ, ಗೋಡೆಯನ್ನೆಬ್ಬಿಸಿ, ಹೆಂಚು ಹೊದಿಸಿ ಕಟ್ಟತಕ್ಕದ್ದೆಂದು ನಾವೆಲ್ಲರೂ ತಿಳಿದಿರುವೆವು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಚಕ್ರಗಳ ಮೇಲೆ ನಿಂತಿರುವ ಮನೆಗಳೂ ಉಂಟು. ಅಲ್ಲಿ ಹಲವು ವರುಷ ಶಾಲಾಮಕ್ಕಳನ್ನು ಹೊತ್ತು ತಿರುಗಿ ಆ ಸೇವೆಯಿಂದ ನಿವೃತ್ತವಾದ ಬಸ್ಸುಗಳನ್ನು ಕೆಲವರು ಕ್ರಯಕ್ಕೆ ಕೊಂಡು, ಆಸನಗಳನ್ನು ಕಿತ್ತು, ಹಲಗೆ ಹಾಸಿ, ಅಡಿಗೆಗೂ ನಿದ್ರೆಗೂ ಓದಿಗೂ ಸ್ಥಳ ಮಾಡಿಕೊಂಡು ಅದರಲ್ಲಿಯೇ ಸಂಸಾರ ಹೂಡುತ್ತಾರೆ. ಇಂಥ ಮನೆಗೆ ಅಲ್ಲಿಯವರು ‘ಸ್ಕೂಲಿ’ ಎಂಬ ಮುದ್ದಿನ ಹೆಸರನ್ನಿಟ್ಟಿದ್ದಾರೆ. ಆ ಬಸ್ಸುಗಳ ಹಳದಿ ಬಣ್ಣಕ್ಕೂ ಒಂದು ಚರಿತ್ರೆಯುಂಟು. ೧೯೩೯ನೆಯ ಇಸವಿಯಲ್ಲಿ ಫ್ರಾಂಕ್ ಸಿರ್ ಎಂಬ ಶಿಕ್ಷಣತಜ್ಞರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ಒಂದು ಸಭೆಯನ್ನು ಕರೆದರು. ಶಾಲಾಬಸ್ಸು ಹೇಗಿರಬೇಕೆಂಬುದಕ್ಕೆ ೪೪ ನಿಯಮಗಳು ಆ ಸಭೆಯಲ್ಲಿ ಗೊತ್ತಾದವು. ದೂರದಿಂದಲೂ ಮಬ್ಬುಬೆಳಕಿನಲ್ಲಿಯೂ ಚೆನ್ನಾಗಿ ಕಾಣಲೆಂದು ಹಳದಿ ಬಣ್ಣವನ್ನು ಆರಿಸಿದ್ದು ಅವುಗಳಲ್ಲಿ ಒಂದಾಗಿತ್ತು.

ಇಷ್ಟು ದೂರದ ಸಂಗತಿ ನಮಗೇಕೆಂದು ಬಾಲಿಕೆಯರು ಕೇಳಬಹುದು. ೨೦೨೩ನೆಯ ಇಸವಿಯ ಚಳಿಗಾಲದಲ್ಲಿ, ನನ್ನ ಬಳಿಯಲ್ಲಿ ಭೌತಶಾಸ್ತ್ರವನ್ನು ಕಲಿತು, ಈಗ ಗಂಡನೊಡನೆಯೂ ಎಳೆಯ ಮಗುವಿನೊಡನೆಯೂ ಕೊಲರಾಡೊ ಸಂಸ್ಥಾನದಲ್ಲಿ ಇಂಥದೊಂದು ಬಸ್ಸಿನಲ್ಲಿ ವಾಸಿಸುವ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೊಂದು ಪತ್ರವನ್ನು ಬರೆದಳು. “ಅಮ್ಮನವರೇ, ನಮ್ಮ ಮನೆಯಲ್ಲಿ ದೀಪವೇನೋ ಉರಿಯುತ್ತದೆ. ಆದರೆ ಮೂರು ರಾತ್ರಿಗಳಿಂದ ಮಗುವಿನ ಹಾಸಿಗೆಯ ಕೆಳಗಿನ ಹಲಗೆಯಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿದೆ. ಬೆಳಿಗ್ಗೆ ನೋಡಿದರೆ ಏನೂ ಕಾಣದು. ತಂತಿಗಳನ್ನು ಜೋಡಿಸಿಕೊಟ್ಟವರು ಊರು ಬಿಟ್ಟು ಹೋಗಿದ್ದಾರೆ. ನಾನು ಎಲ್ಲಿಂದ ನೋಡಲು ತೊಡಗಲಿ?” ಎಂಬುದೇ ಅದರ ಸಾರಾಂಶ. ಮೊದಲು ಬ್ಯಾಟರಿಯ ಮುಖ್ಯ ಸ್ವಿಚ್ಚನ್ನು ತೆಗೆದಿಟ್ಟು, ದೀಪವಿಲ್ಲದೆ ಮಲಗಬೇಕೆಂದು ನಾನು ಆ ಕ್ಷಣವೇ ತಿಳಿಸಿದೆನು. ಆ ಬಳಿಕ ನಾವಿಬ್ಬರೂ ಪತ್ರಗಳ ಮೂಲಕವೂ ಚಿತ್ರಗಳ ಮೂಲಕವೂ ಆ ಏರ್ಪಾಡನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯ ವರೆಗೆ ಪರೀಕ್ಷಿಸಿದೆವು. ಆಗ ಅವಳಿಗೆ ವಿವರಿಸಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಮೂರು ಮಾತುಗಳ ಅರ್ಥವನ್ನು ಸ್ಪಷ್ಟಮಾಡಿಕೊಳ್ಳಬೇಕು. ಮಾಳಿಗೆಯ ಮೇಲಿರುವ ನೀರಿನ ತೊಟ್ಟಿಯನ್ನು ನೆನೆದುಕೊಳ್ಳಿರಿ. ತೊಟ್ಟಿ ಎಷ್ಟು ಎತ್ತರದಲ್ಲಿರುವುದೋ ಅಷ್ಟು ರಭಸದಿಂದ ನೀರು ಕೆಳಕ್ಕೆ ನೂಕಲ್ಪಡುವುದು. ವಿದ್ಯುತ್ತಿನಲ್ಲಿ ಈ ನೂಕುಬಲಕ್ಕೆ ವೋಲ್ಟು ಎಂಬ ಅಳತೆಯುಂಟು. ಕೊಳವೆಯಲ್ಲಿ ಒಂದು ಕ್ಷಣಕ್ಕೆ ಎಷ್ಟು ನೀರು ಹರಿಯುವುದೋ ಅದಕ್ಕೆ ಸರಿಯಾದುದು ಆಂಪಿಯರು. ಇವೆರಡನ್ನೂ ಗುಣಿಸಿದರೆ ಬರುವುದು ವಾಟು, ಅಂದರೆ ಕೆಲಸ ನಡೆಯುವ ವೇಗ. ಕೊಳವೆ ಕಿರಿದಾದಷ್ಟೂ ನೀರಿಗೆ ಅಡ್ಡಿ ಹೆಚ್ಚುವಂತೆ ತಂತಿ ಸಣ್ಣದಾದಷ್ಟೂ ಉದ್ದವಾದಷ್ಟೂ ವಿದ್ಯುತ್ತಿಗೆ ರೋಧವು ಹೆಚ್ಚುವುದು. ಈ ಮೂರಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವರು ಜಾರ್ಜ್ ಓಮ್ ಎಂಬ ಜರ್ಮನ್ ಉಪಾಧ್ಯಾಯರು. ಕಲೋನ್ ಪಟ್ಟಣದ ಶಾಲೆಯೊಂದರಲ್ಲಿ ಗಣಿತವನ್ನೂ ಭೌತಶಾಸ್ತ್ರವನ್ನೂ ಕಲಿಸುತ್ತಿದ್ದಾಗ ನಡಿಸಿದ ಪ್ರಯೋಗಗಳ ಫಲವನ್ನು ಅವರು ೧೮೨೭ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ರೋಧವುಳ್ಳ ತಂತಿಯಲ್ಲಿ ಪ್ರವಾಹವು ಹರಿದಾಗ ತಂತಿಯು ಬಿಸಿಯಾಗುವುದು. ಈ ಬಿಸಿಯು ಆಂಪಿಯರಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಎಂದಿಗೂ ಮರೆಯಕೂಡದು. ಅಂದರೆ ಆಂಪಿಯರು ಎರಡರಷ್ಟಾದರೆ ಬಿಸಿಯು ನಾಲ್ಕರಷ್ಟಾಗುವುದು. ಆದುದರಿಂದಲೇ ಶಕ್ತಿಯನ್ನು ದೂರಕ್ಕೆ ಸಾಗಿಸುವವರು ವೋಲ್ಟನ್ನು ಹೆಚ್ಚಿಸಿ ಆಂಪಿಯರನ್ನು ತಗ್ಗಿಸುತ್ತಾರೆ. ೧೯೦೨ರಲ್ಲಿ ನಮ್ಮ ಶಿವನಸಮುದ್ರದಿಂದ ತೊಂಬತ್ತು ಮೈಲಿಗಳಷ್ಟು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಒಯ್ಯಲು ಸಾಧ್ಯವಾದದ್ದು ಈ ಉಪಾಯದಿಂದಲೇ. ಬಸ್ಸಿನ ಮನೆಯಲ್ಲಿಯಾದರೋ ಸಾಮಾನ್ಯವಾಗಿ ಬ್ಯಾಟರಿಯು ೧೨ ವೋಲ್ಟಿನದು. ವೋಲ್ಟು ಕಡಿಮೆ, ಆದುದರಿಂದ ಆಂಪಿಯರು ಹೆಚ್ಚು. ಮುಟ್ಟಿದರೆ ಶಾಕ್ ಹೊಡೆಯದೆಂಬ ಒಂದೇ ಕಾರಣದಿಂದ ಹನ್ನೆರಡು ವೋಲ್ಟನ್ನು ಜನರು ಸಾಧುವೆಂದು ನಂಬುತ್ತಾರೆ. ಮನುಷ್ಯರ ಮೈಗೆ ಅದು ಸಾಧುವೇ ಸರಿ; ಮರದ ಹಲಗೆಗೆ ಸಾಧುವಲ್ಲ.

ಏರ್ಪಾಡನ್ನು ತೊಡಗುವವರು ಅಂಗಡಿಗೆ ಹೋಗುವುದಕ್ಕೆ ಮುಂಚೆ ಕಾಗದವನ್ನೂ ಸೀಸದಕಡ್ಡಿಯನ್ನೂ ಹಿಡಿದು ಕುಳಿತುಕೊಳ್ಳಬೇಕು. ಗೃಹಿಣಿಯು ತಿಂಗಳ ವೆಚ್ಚದ ಪಟ್ಟಿಯನ್ನು ಬರೆಯುವಂತೆಯೇ ದಿನವೊಂದಕ್ಕೆ ಎಷ್ಟು ಶಕ್ತಿ ವೆಚ್ಚವಾಗುವುದೆಂದು ಬರೆಯತಕ್ಕದ್ದು. ನನ್ನ ವಿದ್ಯಾರ್ಥಿನಿಯ ಪಟ್ಟಿಯು ಹೀಗಿತ್ತು: ೬ ವಾಟಿನ ಆರು ದೀಪಗಳು ಐದು ಗಂಟೆ ಉರಿದರೆ ೧೮೦ ವಾಟ್-ಗಂಟೆ, ೪೫ ವಾಟಿನ ಚಿಕ್ಕ ಶೀತಪೆಟ್ಟಿಗೆಯು ನಿಂತು ನಿಂತು ನಡೆದು ಒಟ್ಟಿಗೆ ಹತ್ತು ಗಂಟೆ ಕೆಲಸಮಾಡಿದರೆ ೪೫೦, ೩೦ ವಾಟಿನ ಫ್ಯಾನು ಎಂಟು ಗಂಟೆಗೆ ೨೪೦, ೬೦ ವಾಟಿನ ಗಣಕಯಂತ್ರವು ನಾಲ್ಕು ಗಂಟೆಗೆ ೨೪೦, ಎರಡು ದೂರವಾಣಿಗಳಿಗೆ ೩೦, ನೀರಿನ ಪಂಪು ಕಾಲು ಗಂಟೆ ನಡೆದರೆ ೧೫. ಒಟ್ಟು ೧೧೫೫ ವಾಟ್-ಗಂಟೆಗಳು. ಸಣ್ಣಪುಟ್ಟ ನಷ್ಟಗಳನ್ನು ಕೂಡಿಸಿ ೧೨೦೦ ಎಂದು ಇಟ್ಟುಕೊಂಡೆವು. ನೀರು ಕಾಯಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ, ವಿದ್ಯುತ್ತಿನ ಒಲೆ ಇವುಗಳನ್ನು ಪಟ್ಟಿಯಲ್ಲಿ ಸೇರಿಸಲಿಲ್ಲ. ಬಿಸಿಮಾಡುವ ಸಾಮಾನುಗಳೆಲ್ಲವೂ ಬ್ಯಾಟರಿಯನ್ನು ಬಹಳ ಬೇಗ ಬರಿದುಮಾಡುತ್ತವೆ.

ಇನ್ನು ಕಣಜದ ಮಾತು. ಬಸ್ಸಿನ ಯಂತ್ರವನ್ನು ಹೊರಡಿಸುವ ಬ್ಯಾಟರಿ ಬೇರೆ, ಮನೆಯ ಬ್ಯಾಟರಿ ಬೇರೆ. ಇವೆರಡನ್ನೂ ಒಂದುಮಾಡಿದರೆ ರಾತ್ರಿ ದೀಪ ಉರಿಸಿದ ಮನೆಯವರು ಬೆಳಿಗ್ಗೆ ಬಸ್ಸನ್ನು ಹೊರಡಿಸಲಾರರು. ೧೮೫೯ರಲ್ಲಿ ಗ್ಯಾಸ್ತೋನ್ ಪ್ಲಾಂತೆ ಎಂಬ ಫ್ರೆಂಚ್ ಪಂಡಿತರು ಕಂಡುಹಿಡಿದ ಸೀಸ-ಆಮ್ಲದ ಬ್ಯಾಟರಿಯು ಇಂದಿಗೂ ಬಳಕೆಯಲ್ಲಿದೆ. ಕ್ರಯ ಕಡಿಮೆ, ಆದರೆ ಅದು ಬಹುಕಾಲ ಬಾಳಬೇಕಾದರೆ ತುಂಬಿದ್ದರಲ್ಲಿ ಅರ್ಧವನ್ನು ಮಾತ್ರವೇ ಬಳಸಬೇಕು. ಈಗ ಬಸ್ಸಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿ. ಅದರ ಒಂದೊಂದು ಕೋಶವು ೩.೨ ವೋಲ್ಟಿನದು; ನಾಲ್ಕನ್ನು ಸಾಲಾಗಿ ಜೋಡಿಸಿದರೆ ೧೨.೮ ವೋಲ್ಟು. ೧೦೦ ಆಂಪಿಯರ್-ಗಂಟೆಯ ಒಂದು ಬ್ಯಾಟರಿಯು ೧೨೮೦ ವಾಟ್-ಗಂಟೆಗಳನ್ನು ಹಿಡಿಯುವುದು. ಅಂಥ ಮೂರನ್ನಿಟ್ಟರೆ ೩೮೪೦. ಅದರಲ್ಲಿ ನೂರಕ್ಕೆ ೮೦ರಂತೆ ಬಳಸಿದರೂ ೩೦೭೨ ವಾಟ್-ಗಂಟೆ ದೊರೆಯುವುದು. ಸೂರ್ಯನು ಕಾಣದಿದ್ದರೂ ಎರಡೂವರೆ ದಿವಸ ಸಂಸಾರವು ನಡೆಯುವುದು. ಆದರೆ ಕೊಲರಾಡೊದಂಥ ಚಳಿಯ ಸೀಮೆಯಲ್ಲಿ ಒಂದು ಎಚ್ಚರಿಕೆಯುಂಟು. ಈ ಬ್ಯಾಟರಿಯು ನೀರು ಹೆಪ್ಪುಗಟ್ಟುವಷ್ಟು ತಣ್ಣಗಿರುವಾಗ ಅದಕ್ಕೆ ವಿದ್ಯುತ್ತನ್ನು ತುಂಬಕೂಡದು. ತುಂಬಿದರೆ ಲಿಥಿಯಮ್ ಲೋಹವು ಒಳಗಿನ ಫಲಕದ ಮೇಲೆ ಪೊರೆಗಟ್ಟಿ ಬ್ಯಾಟರಿಯು ಶಾಶ್ವತವಾಗಿ ಕೆಡುವುದು. ಆದುದರಿಂದ ಅದನ್ನು ಬಸ್ಸಿನ ಅಡಿಯಲ್ಲಿ ತೂಗುಹಾಕದೆ ಬೆಚ್ಚಗಿರುವ ಒಳಭಾಗದಲ್ಲಿ ಭದ್ರವಾಗಿ ಕಟ್ಟಿಡುವುದು ಲೇಸು.

ಕಣಜವನ್ನು ತುಂಬುವ ದಾರಿಗಳು ಮೂರು. ಮೊದಲನೆಯದು ಮಾಡಿನ ಮೇಲಿನ ಸೌರಫಲಕ. ೨೦೦ ವಾಟಿನ ಮೂರು ಫಲಕಗಳೆಂದರೆ ೬೦೦ ವಾಟು. ದಿನಕ್ಕೆ ನಾಲ್ಕು ಗಂಟೆ ಪೂರ್ಣಬಿಸಿಲಿಗೆ ಸಮನಾದ ಬೆಳಕು ಬಿದ್ದು, ಧೂಳು, ಕಾವು, ತಂತಿ ಇವುಗಳ ದೆಸೆಯಿಂದ ಕಾಲುಭಾಗ ನಷ್ಟವಾಯಿತೆಂದು ಎಣಿಸಿದರೆ ೧೮೦೦ ವಾಟ್-ಗಂಟೆ ಬರುವುದು. ವೆಚ್ಚ ಹೋಗಿ ೬೦೦ ಉಳಿಯುವುದು. ಚಳಿಗಾಲದಲ್ಲಿ ಎರಡೂವರೆ ಗಂಟೆಯೇ ದೊರೆತರೆ ಬರುವುದು ೧೧೨೫ ಮಾತ್ರ. ಆಗ ಸ್ವಲ್ಪ ಕೊರತೆ ಬೀಳುವುದು. ಫಲಕಗಳನ್ನು ಒಂದರ ಹಿಂದೊಂದಾಗಿ ಜೋಡಿಸಿದರೆ ವೋಲ್ಟು ಕೂಡುವುದು. ಪಕ್ಕಪಕ್ಕವಾಗಿ ಜೋಡಿಸಿದರೆ ಆಂಪಿಯರು ಕೂಡುವುದು. ಚಳಿ ಹೆಚ್ಚಿದಂತೆ ಫಲಕದ ವೋಲ್ಟು ಏರುವುದರಿಂದ, ಫಲಕಕ್ಕೂ ಬ್ಯಾಟರಿಗೂ ನಡುವೆ ಇರುವ ನಿಯಾಮಕಯಂತ್ರವು ತಡೆಯುವ ಮಿತಿಯನ್ನು ಅತಿ ಚಳಿಯ ಮುಂಜಾವದ ಲೆಕ್ಕದಿಂದಲೇ ನೋಡಿಕೊಳ್ಳಬೇಕು. ಎರಡನೆಯ ದಾರಿಯು ಬಸ್ಸಿನ ಯಂತ್ರದೊಡನೆ ತಿರುಗುವ ಆಲ್ಟರ್ನೇಟರು. ಇದನ್ನು ನೆಟ್ಟಗೆ ಲಿಥಿಯಮ್ ಬ್ಯಾಟರಿಗೆ ಕಟ್ಟಿದರೆ, ಹಸಿದ ಬ್ಯಾಟರಿಯು ಮಿತಿಮೀರಿ ಎಳೆದುಕೊಂಡು ಆಲ್ಟರ್ನೇಟರು ಕಾದು ಸುಡಬಹುದು. ಆದುದರಿಂದ ನಡುವೆ ೩೦ ಆಂಪಿಯರಿಗೆ ಮೀರಗೊಡದ ಒಂದು ಚಾರ್ಜರನ್ನು ಇಡಬೇಕು. ಎರಡು ಗಂಟೆಯ ಪ್ರಯಾಣದಲ್ಲಿ ಸುಮಾರು ೮೦೦ ವಾಟ್-ಗಂಟೆ ಸೇರುವುದು. ಮೂರನೆಯದು ತಂಗುದಾಣಗಳಲ್ಲಿ ಕ್ರಯಕ್ಕೆ ದೊರೆಯುವ ವಿದ್ಯುತ್ತು. ಅದರ ವಿಷಯವನ್ನು ಮುಂದೆ ಹೇಳುವೆನು.

ಈಗ ತಂತಿಗಳಿಗೆ ಬರೋಣ. ಶೀತಪೆಟ್ಟಿಗೆಗೆ ೫ ಆಂಪಿಯರು ಬೇಕು. ಅದು ಬ್ಯಾಟರಿಯಿಂದ ೫ ಮೀಟರು ದೂರದಲ್ಲಿದೆ. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಕೂಡಿಸಿದರೆ ಉದ್ದ ೧೦ ಮೀಟರು. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಗೆ ಮೀಟರಿಗೆ ೦.೦೧೭೨ ಓಮಿನಂತೆ ರೋಧವು ೦.೧೭೨ ಓಮು, ಐದರಿಂದ ಗುಣಿಸಿದರೆ ದಾರಿಯಲ್ಲಿಯೇ ೦.೮೬ ವೋಲ್ಟು, ಅಂದರೆ ನೂರಕ್ಕೆ ಏಳರಷ್ಟು, ನಷ್ಟವಾಗುವುದು. ಎರಡೂವರೆ ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ನಷ್ಟವು ೦.೩೪ ವೋಲ್ಟಿಗೆ, ಅಂದರೆ ನೂರಕ್ಕೆ ಮೂರಕ್ಕೆ, ಇಳಿಯುವುದು. ಎರಡನೆಯದನ್ನೇ ಆರಿಸತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲ. ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ಮನೆಬಳಕೆಯ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಇನ್ವರ್ಟರಿನ ಲೆಕ್ಕವು ಇನ್ನೂ ದೊಡ್ಡದು. ೨೦೦೦ ವಾಟಿನ ಇನ್ವರ್ಟರು, ಅದರೊಳಗಿನ ನಷ್ಟವನ್ನೂ ಸೇರಿಸಿ, ಹನ್ನೆರಡು ವೋಲ್ಟಿನಲ್ಲಿ ಸುಮಾರು ೧೮೫ ಆಂಪಿಯರನ್ನು ಎಳೆಯುವುದು. ಅದಕ್ಕೆ ಕೈಬೆರಳಿನಷ್ಟು ದಪ್ಪವಾದ ೭೦ ಚದರ ಮಿಲಿಮೀಟರಿನ ತಾಮ್ರದ ಕೇಬಲ್ಲೇ ಬೇಕು. ಬ್ಯಾಟರಿಗೂ ಇನ್ವರ್ಟರಿಗೂ ಅಂತರವು ಆದಷ್ಟು ಕಡಿಮೆಯಿರಬೇಕು.

ಫ್ಯೂಸು ಯಾರನ್ನು ಕಾಯುತ್ತದೆ? ಅನೇಕರು ದೀಪವನ್ನೋ ಯಂತ್ರವನ್ನೋ ಕಾಯುತ್ತದೆಂದು ಉತ್ತರಕೊಡುವರು. ಅದು ತಪ್ಪು. ಫ್ಯೂಸು ತಂತಿಯನ್ನು ಕಾಯುತ್ತದೆ. ತಂತಿಯು ತಾಳಲಾರದಷ್ಟು ಪ್ರವಾಹವು ಬಂದರೆ ತಾನು ಮೊದಲು ಕರಗಿ ದಾರಿಯನ್ನು ಕಡಿಯುವುದೇ ಅದರ ಕೆಲಸ. ಆದುದರಿಂದ ಫ್ಯೂಸಿನ ಅಂಕೆಯು ಉಪಕರಣಕ್ಕೆ ಬೇಕಾದುದಕ್ಕಿಂತ ತುಸು ಹೆಚ್ಚಾಗಿಯೂ ತಂತಿಯು ತಾಳುವುದಕ್ಕಿಂತ ಕಡಿಮೆಯಾಗಿಯೂ ಇರತಕ್ಕದ್ದು. ಹಾಗೆಯೇ ಅದು ಬ್ಯಾಟರಿಯ ಧನಧ್ರುವದ ಹತ್ತಿರ, ಒಂದು ಗೇಣಿನೊಳಗೆ ಇರಬೇಕು. ಯಾಕಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಣ ತಂತಿಯನ್ನು ಕಾಯುವವರು ಯಾರೂ ಇಲ್ಲ. ಲಿಥಿಯಮ್ ಬ್ಯಾಟರಿಯ ಎರಡು ಧ್ರುವಗಳು ಒಂದಕ್ಕೊಂದು ತಗಲಿದರೆ ಸಾವಿರಾರು ಆಂಪಿಯರು ನುಗ್ಗುವುದರಿಂದ, ಅಷ್ಟನ್ನು ನಿಶ್ಚಯವಾಗಿ ಕಡಿಯಬಲ್ಲ ‘ಟಿ’ ವರ್ಗದ ಫ್ಯೂಸನ್ನು ಮುಖ್ಯ ಕೇಬಲ್ಲಿಗೆ ಹಾಕುತ್ತಾರೆ. ಮೇಲೆ ಹೇಳಿದ ಇನ್ವರ್ಟರಿಗಾದರೆ ೨೫೦ ಆಂಪಿಯರಿನದು ಸರಿಹೋಗುವುದು.

ಬಸ್ಸು ನಿಂತ ಮನೆಯಲ್ಲ, ಓಡುವ ಮನೆ. ಅದು ದಾರಿಯುದ್ದಕ್ಕೂ ನಡುಗುತ್ತಿರುತ್ತದೆ. ಒಂದೇ ಗಟ್ಟಿಯೆಳೆಯ ತಂತಿಯು ಈ ನಡುಕಕ್ಕೆ ಮುರಿಯುವ ಸಂಭವವುಂಟಾದ್ದರಿಂದ ಅನೇಕ ನವುರಾದ ಎಳೆಗಳನ್ನು ಹೊಸೆದ ತಂತಿಯನ್ನೇ ಉಪಯೋಗಿಸಬೇಕು. ತುದಿಗಳನ್ನು ಬೆರಳಿನಿಂದ ತಿರುಚಿ ಬಿಡದೆ, ತಾಮ್ರದ ಲಗ್ಗುಗಳನ್ನು ಉಪಕರಣದಿಂದ ಅದುಮಿ ಭದ್ರಪಡಿಸಬೇಕು. ಉಕ್ಕಿನ ಪಕ್ಕೆಲುಬುಗಳಲ್ಲಿ ತೂತು ಕೊರೆದು ತಂತಿಯನ್ನು ಹಾಯಿಸುವಲ್ಲೆಲ್ಲಾ ರಬ್ಬರಿನ ಬಳೆಯನ್ನು ತೊಡಿಸಬೇಕು. ಬಸ್ಸಿನ ಮೈಯೆಲ್ಲಾ ಉಕ್ಕು. ಬ್ಯಾಟರಿಯ ಋಣಧ್ರುವವು ಒಂದು ಕಡೆಯಲ್ಲಿ ಆ ಉಕ್ಕಿಗೆ ಕಟ್ಟಲ್ಪಟ್ಟಿರುವುದು. ಹೀಗಿರಲಾಗಿ ಧನಧ್ರುವದ ತಂತಿಯ ಹೊದಿಕೆಯು ಎಲ್ಲಿ ಸವೆದು ಉಕ್ಕಿಗೆ ತಗಲಿದರೂ ಅಲ್ಲಿಯೇ ಪ್ರವಾಹಕ್ಕೆ ಅಡ್ಡದಾರಿಯು ತೆರೆದಂತಾಯಿತು.

ಇನ್ನು ತಂಗುದಾಣದ ವಿದ್ಯುತ್ತಿನ ವಿಷಯ. ನಮ್ಮ ದೇಶದಲ್ಲಿ ಮನೆಗೆ ಬರುವುದು ೨೩೦ ವೋಲ್ಟು, ಅಲ್ಲಿ ೧೨೦. ಅದು ಕೊಲ್ಲಲು ಸಾಕು. ಬಸ್ಸಿನ ಉಕ್ಕಿನ ಮೈಯನ್ನು ಭೂಸಂಪರ್ಕದ ತಂತಿಗೆ ತಪ್ಪದೆ ಕಟ್ಟಿರಬೇಕು. ಆದರೆ ನ್ಯೂಟ್ರಲ್ ತಂತಿಯನ್ನು ಭೂಸಂಪರ್ಕದೊಡನೆ ಸೇರಿಸುವುದು ವಿದ್ಯುತ್ತು ಹೊರಡುವ ಸ್ಥಳದಲ್ಲಿ ಮಾತ್ರ. ತಂಗುದಾಣದಿಂದ ಪಡೆಯುವಾಗ ಆ ಕೂಡಿಕೆಯು ತಂಗುದಾಣದವರ ಕಡೆಯಲ್ಲಿಯೇ ಇರುವುದು. ಬಸ್ಸಿನೊಳಗೂ ಅದನ್ನು ಇನ್ನೊಮ್ಮೆ ಮಾಡಿದರೆ ಪ್ರವಾಹದ ಒಂದು ಪಾಲು ಬಸ್ಸಿನ ಮೈಯಲ್ಲಿ ಹರಿಯತೊಡಗುವುದು, ಮತ್ತು ಯಾವುದಾದರೂ ತಂತಿಯು ಕಡಿದುಹೋದರೆ ಇಡೀ ಮೈಗೆ ವಿದ್ಯುತ್ತೇರಬಹುದು. ಆಗ ಒದ್ದೆಯ ನೆಲದಲ್ಲಿ ಬರಿಗಾಲಿನಲ್ಲಿ ನಿಂತು ಬಾಗಿಲಿನ ಹಿಡಿಯನ್ನು ಮುಟ್ಟಿದವರ ಗತಿಯೇನು? ಇನ್ವರ್ಟರಿನಿಂದ ಪಡೆಯುವಾಗಲಾದರೋ ವಿದ್ಯುತ್ತು ಹೊರಡುವುದು ಬಸ್ಸಿನೊಳಗೇ ಆದ್ದರಿಂದ ಕೂಡಿಕೆಯು ಅಲ್ಲಿಯೇ ಬೇಕು. ಈ ಬದಲಾವಣೆಯನ್ನು ತಾನಾಗಿ ಮಾಡುವ ಸ್ವಿಚ್ಚುಳ್ಳ ಇನ್ವರ್ಟರುಗಳು ದೊರೆಯುತ್ತವೆ. ಇದಲ್ಲದೆ ೧೯೬೧ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ರೊಫೆಸರ್ ಚಾರ್ಲ್ಸ್ ಡಾಲ್‌ಜೀಲ್ ಎಂಬವರು ನಿರ್ಮಿಸಿದ ಸೋರಿಕೆಯ ತಡೆಯನ್ನು ಪ್ಲಗ್ಗುಗಳಿಗೆ ಹಾಕಬೇಕು. ಹೋದ ಪ್ರವಾಹಕ್ಕಿಂತ ಮರಳಿದ್ದು ಸುಮಾರು ೫ ಮಿಲಿ ಆಂಪಿಯರಿನಷ್ಟು ಕಡಿಮೆಯಾದರೂ ಅದು ಕೂಡಲೆ ದಾರಿಯನ್ನು ಕಡಿಯುವುದು. ಈ ಭಾಗವನ್ನು ಪುಸ್ತಕದ ಬಲದಿಂದ ಮಾತ್ರ ಮಾಡಹೋಗದೆ, ಬಲ್ಲ ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ೧೮೯೭ರಲ್ಲಿ ಮೊದಲು ಹೊರಟ ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯಲ್ಲಿ ಇಂಥ ವಾಹನಗಳಿಗೆಂದೇ ೫೫೧ನೆಯ ಪ್ರಕರಣವುಂಟು.

ಇಷ್ಟನ್ನು ತಿಳಿದುಕೊಂಡ ಬಳಿಕ ಆ ಹುಡುಗಿಯು ಮಗುವಿನ ಹಾಸಿಗೆಯನ್ನು ಸರಿಸಿ, ಹಲಗೆಯನ್ನು ಕಿತ್ತು ನೋಡಿದಳು. ಕಂಡದ್ದು ಹೀಗಿತ್ತು. ಶೀತಪೆಟ್ಟಿಗೆಗೆ ಹೋಗುವ ತಂತಿಯು ಒಂದು ಚದರ ಮಿಲಿಮೀಟರಿನದು. ಅದು ಉಕ್ಕಿನ ಪಕ್ಕೆಲುಬಿನ ತೂತಿನಲ್ಲಿ ರಬ್ಬರಿನ ಬಳೆಯಿಲ್ಲದೆ ಹಾದುಹೋಗಿ, ನಡುಕದಿಂದ ಹೊದಿಕೆಯು ಅರ್ಧ ಸವೆದು, ಕೆಲವು ಎಳೆಗಳು ಉಕ್ಕನ್ನು ಸೋಕುತ್ತಿದ್ದವು. ಮೊದಲು ಅಲ್ಲಿ ೧೦ ಆಂಪಿಯರಿನ ಫ್ಯೂಸು ಇದ್ದು ಮೇಲಿಂದ ಮೇಲೆ ಹಾರುತ್ತಿತ್ತಂತೆ. ಅದೇಕೆ ಹಾರುತ್ತದೆಂದು ಯಾರೂ ವಿಚಾರಿಸಲಿಲ್ಲ. “ಪದೇ ಪದೇ ಬದಲಾಯಿಸುವ ತೊಂದರೆ ಬೇಡ” ಎಂದು ೩೦ ಆಂಪಿಯರಿನದನ್ನು ಹಾಕಿಬಿಟ್ಟರು. ಅಂದಿನಿಂದ ಫ್ಯೂಸು ಹಾರುವುದು ನಿಂತಿತು, ತಂತಿಯು ಕಾಯುವುದು ಮೊದಲಾಯಿತು. ಸೋಕುವಿಕೆಯು ಪೂರ್ಣವಾಗಿಲ್ಲದ್ದರಿಂದ ಹರಿದುಹೋದ ಪ್ರವಾಹವು ಮೂವತ್ತನ್ನು ಮುಟ್ಟಲಿಲ್ಲ. ಆ ಸಣ್ಣ ತಂತಿಯನ್ನು ಸುಡಲು ಮಾತ್ರ ಸಾಕಾಯಿತು. ಹಲಗೆಯ ಒಳಮೈಯು ಅಂಗೈಯಗಲ ಕಪ್ಪಾಗಿತ್ತು. ಅದರ ಮೇಲೆ ಮಗುವು ಮಲಗುತ್ತಿತ್ತು.

ಅವಳು ತನ್ನ ಕೈಯಿಂದಲೇ ಎರಡೂವರೆ ಚದರ ಮಿಲಿಮೀಟರಿನ ಹೊಸ ತಂತಿಯನ್ನು ಎಳೆದಳು. ತೂತುಗಳಿಗೆ ಬಳೆಗಳನ್ನು ತೊಡಿಸಿದಳು. ೧೦ ಆಂಪಿಯರಿನ ಫ್ಯೂಸನ್ನು ತಿರುಗಿ ಹಾಕಿದಳು. ಉಳಿದ ತಂತಿಗಳನ್ನೂ ಒಂದೊಂದಾಗಿ ಹೀಗೆಯೇ ನೋಡಿ, ಪ್ರತಿಯೊಂದಕ್ಕೂ ಹೆಸರು ಬರೆದ ಚೀಟಿಯನ್ನಂಟಿಸಿ, ಇಡೀ ಏರ್ಪಾಡಿನ ನಕ್ಷೆಯನ್ನು ಬಾಗಿಲಿನ ಒಳಮೈಗೆ ಅಂಟಿಸಿದಳು. ಕಟ್ಟಕಡೆಗೆ ಜೋಡಿಸುವಾಗ ನಿಯಾಮಕಯಂತ್ರಕ್ಕೆ ಮೊದಲು ಬ್ಯಾಟರಿಯನ್ನೂ ಆ ಮೇಲೆ ಫಲಕಗಳನ್ನೂ ಕಟ್ಟಿದಳು. ಬಿಚ್ಚುವಾಗ ಫಲಕಗಳೇ ಮೊದಲು. ಹೊಗೆಯನ್ನು ಸಾರುವ ಗಂಟೆಯೊಂದನ್ನೂ ಬೆಂಕಿಯನ್ನಾರಿಸುವ ಡಬ್ಬಿಯೊಂದನ್ನೂ ಮಲಗುವ ಸ್ಥಳದ ಬಳಿಯಲ್ಲಿಟ್ಟಳು. ತಂಗುದಾಣದ ವಿದ್ಯುತ್ತಿನ ಭಾಗವನ್ನು ಅಲ್ಲಿಯ ಕೆಲಸಗಾರರೊಬ್ಬರು ಬಂದು ಪರೀಕ್ಷಿಸಿ ಸರಿಯೆಂದು ಹೇಳಿದ ಮೇಲೆಯೇ ಅದನ್ನು ಬಳಸತೊಡಗಿದರು.

ಬಾಲಿಕೆಯರೇ, ನಮ್ಮಲ್ಲಿ ಬಸ್ಸಿನಲ್ಲಿ ಸಂಸಾರ ಹೂಡುವವರು ವಿರಳ. ಆದರೆ ಫ್ಯೂಸು ಇಲ್ಲದ ಮನೆ ಯಾವುದು? ಫ್ಯೂಸು ಹೋದಾಗ “ಸ್ವಲ್ಪ ದಪ್ಪ ತಂತಿಯನ್ನು ಸುತ್ತಿಬಿಡು, ಇನ್ನು ಹೋಗುವುದಿಲ್ಲ” ಎಂಬ ಮಾತನ್ನು ನೀವೂ ಕೇಳಿರಬಹುದು. ಹಾರಿದ ಫ್ಯೂಸು ಮನೆಯವರಿಗೆ ಒಂದು ಸತ್ಯವನ್ನು ಹೇಳುತ್ತಿರುತ್ತದೆ. ದಪ್ಪ ತಂತಿಯನ್ನು ಸುತ್ತುವುದೆಂದರೆ ಅದರ ಬಾಯಿಯನ್ನು ಕಟ್ಟಿದಂತೆ. ಇದು ಗಂಡಸರ ಕೆಲಸವೆಂದು ನೀವು ಸುಮ್ಮನಿರಕೂಡದು. ಸುಟ್ಟ ವಾಸನೆಯನ್ನು ಮೊದಲು ಗುರುತಿಸಿದವಳು ತಾಯಿ. ಗುಣಾಕಾರ, ಭಾಗಾಕಾರಗಳ ಹೊರತು ಬೇರೆ ಗಣಿತವನ್ನು ಬಳಸದೆ ಅದರ ಕಾರಣವನ್ನು ಹುಡುಕಿ ತೆಗೆದವಳೂ ಅವಳೇ. ನಮ್ಮ ಪ್ರಯೋಗಶಾಲೆಯಲ್ಲಿ ಓಮಿನ ನಿಯಮದ ಪಾಠದ ದಿನ ಅವಳು ಬಹಳ ಹೊತ್ತು ಕಿಟಕಿಯಿಂದ ಹೊರಕ್ಕೆ ನೋಡುತ್ತಿದ್ದುದು ನನಗೆ ಜ್ಞಾಪಕವಿದೆ. ಹಾಗಿದ್ದರೂ ಕಲಿತದ್ದು ಅವಳಲ್ಲಿ ಉಳಿದಿತ್ತು. ಆ ಬಳಿಕ ಬಂದ ಪತ್ರದಲ್ಲಿ ಅವಳು, “ಅಮ್ಮನವರೇ, ಈಗ ರಾತ್ರಿ ಎಚ್ಚರವಾದರೆ ಮೂಸಿ ನೋಡುವುದಿಲ್ಲ, ಮಗುವಿನ ಹೊದಿಕೆಯನ್ನು ಸರಿಪಡಿಸಿ ಮಲಗುತ್ತೇನೆ” ಎಂದು ಬರೆದಿದ್ದಳು.